ಸಂದರ್ಶನಕ್ಕೆ ಸಿದ್ಧರಾಗುವುದು ಹೇಗೆ?

ಹಿಂದೆ ಮೈಸೂರು ರಾಜ್ಯದಲ್ಲಿ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳಿಗೆ ಸಂದರ್ಶನದ ಅಂಕಗಳೂ ಬೇಕಾಗಿದ್ದವು. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇಕಡಾ 25ರಷ್ಟನ್ನು ಅದಕ್ಕೆ ಗೊತ್ತುಪಡಿಸಿದ್ದ ಕ್ರಮವನ್ನು 1964ರಲ್ಲಿ ಚಿತ್ರಲೇಖಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಈಗ ಅಲ್ಲಿ ಸಿ.ಇ.ಟಿ., ನೀಟ್ ಪರೀಕ್ಷೆಗಳು ಬಂದಿವೆ. ಆದರೂ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕೆಲವೆಡೆ ಪದವಿ ತರಗತಿಗೂ ಸಂದರ್ಶನ ಉಂಟು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮಕ್ಕಳು ಇದಕ್ಕೆ ಅಂಜಬೇಕಾಗಿಲ್ಲ. "ನಿಮ್ಮದು ಯಾವ ಊರು?" ಎಂದು ಕೇಳಿದಾಗ "ಪಾವಗಡ" ಎಂದು ಸುಮ್ಮನಾದರೆ ಮಾತು ಅಲ್ಲಿಗೇ ನಿಂತಿತು. ಮಳೆ ಕಡಿಮೆಯಾದ ಆ ಸೀಮೆಯಲ್ಲಿ ರೈತರು ಭೂಮಿಯನ್ನು ಮಾರದೆ ಗುತ್ತಿಗೆಗೆ ಕೊಟ್ಟದ್ದರಿಂದ, ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಕೇಂದ್ರ ಎದ್ದಿತು. ಗುತ್ತಿಗೆಯ ಹಣ ಭೂಮಿ ಇದ್ದವರಿಗೆ ಬಂತು. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರ ಗತಿಯೇನು? ಇಷ್ಟನ್ನು ಯೋಚಿಸಿ ಹೇಳಬಲ್ಲ ಹುಡುಗಿಯ ಮಾತಿಗೆ ತೂಕವಿರುತ್ತದೆ.

ತಂದೆತಾಯಿಗಳು ದಿನಕ್ಕೆ ಹತ್ತು ನಿಮಿಷ ರೇಡಿಯೋ ನಿಲ್ಲಿಸಿ ಮಕ್ಕಳನ್ನು ಪ್ರಶ್ನಿಸಲಿ. ಪ್ರತಿ ಉತ್ತರಕ್ಕೂ "ಏಕೆ?" ಎಂದು ಮತ್ತೊಮ್ಮೆ ಕೇಳಲಿ. ಉತ್ತರವನ್ನು ಉರುಹೊಡೆಸುವುದು ಬೇಡ. ಬಾಯಿಪಾಠ ಎರಡನೆಯ ಪ್ರಶ್ನೆಗೇ ಕೈಕೊಡುತ್ತದೆ. ತಿಳಿಯದ್ದನ್ನು "ತಿಳಿಯದು" ಎಂದು ನೇರವಾಗಿ ಹೇಳುವುದನ್ನೂ ಮನೆಯಲ್ಲೇ ಕಲಿಸಬೇಕು.