ಹಾಯಿಕಂಬವನ್ನು ಮಲಗಿಸುವ ಬಗೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸುಣ್ಣಗಲ್ಲಿನ ನಾಡಿನಲ್ಲಿ ಕುಳಿತು ಹಾಯಿದೋಣಿಯ ಮಾತನ್ನೆತ್ತುವುದು ಕೆಲವರಿಗೆ ವಿನೋದವೆನಿಸೀತು. ಆದರೆ ಕಾಗಿಣಾ ತೀರದ ಮಳಖೇಡವು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿ ಮೆರೆಯುತ್ತಿದ್ದ ಕಾಲದಲ್ಲಿ, ಮೂರನೆಯ ಇಂದ್ರನ 926ರ ಚಿಂಚಣಿ ತಾಮ್ರಶಾಸನವು ತಿಳಿಸುವಂತೆ, ಪಶ್ಚಿಮ ಕರಾವಳಿಯ ಸಂಜಾನ ಸೀಮೆಯನ್ನು ಆ ಅರಸರ ಪರವಾಗಿ ಆಳುತ್ತಿದ್ದವನು ಮಧುಮತಿಯೆಂದು ಸಂಸ್ಕೃತದಲ್ಲಿ ಕರೆಯಿಸಿಕೊಂಡ ಒಬ್ಬ ತಾಜಿಕ, ಎಂದರೆ ಅರಬ ಮೂಲದ ಅಧಿಕಾರಿ. ಹಾಯಿಯ ಗಾಳಿಯು ಮಾನ್ಯಖೇಟದ ಬೊಕ್ಕಸಕ್ಕೂ ಬೀಸಿದ ದಿನಗಳವು.

ಇಂದು ಕನ್ನಡನಾಡಿನಲ್ಲಿ ಕ್ರೀಡೆಯ ಹಾಯಿದೋಣಿಯನ್ನು ನೋಡಬಯಸುವವನು ಬೆಂಗಳೂರಿನ ಹಲಸೂರು ಕೆರೆಗೋ ಕೃಷ್ಣರಾಜಸಾಗರಕ್ಕೋ ಹೋಗಬೇಕು. ಸೈನ್ಯದ ಇಂಜಿನಿಯರುಗಳು 1985ರಿಂದ 1987ರವರೆಗೆ ಭೂಪ್ರದಕ್ಷಿಣೆ ಮಾಡಿ ಬಂದ ‘ತೃಷ್ಣಾ’ ನೌಕೆಯ ಹೆಸರನ್ನು ಬೆಂಗಳೂರಿನ ಹಾಯಿದೋಣಿ ಕ್ಲಬ್ಬೊಂದು ಇಂದಿಗೂ ಧರಿಸಿದೆ. ಮಕ್ಕಳು ನಡೆಸುವ ಆಪ್ಟಿಮಿಸ್ಟ್ ಎಂಬ ದೋಣಿಯ ಉದ್ದ ಕೇವಲ 2.3 ಮೀಟರ್, ಅದರ ಕಂಬವನ್ನು ಬಾಲಕನೊಬ್ಬ ಕೈಯಲ್ಲೇ ಎತ್ತಿ ಕುಳಿಯಲ್ಲಿ ನೆಡುತ್ತಾನೆ. ಕಷ್ಟವು ಆರಂಭವಾಗುವುದು ಕಂಬವು ಏಳೆಂಟು ಮೀಟರಿಗೆ ಬೆಳೆದಾಗ.

ಅಂಥ ಕಂಬದ ತುದಿಯಲ್ಲಿ ದೀಪ, ಗಾಳಿಯ ದಿಕ್ಕನ್ನು ತೋರುವ ಸೂಚಿ, ರೇಡಿಯೋ ಆಂಟೆನಾ, ಹಾಯಿಯ ಹಗ್ಗ ಹರಿಯುವ ಗಡಗಡಿ ಇವೇ ಮೊದಲಾದ ಸಲಕರಣೆಗಳಿರುತ್ತವೆ. ಇವುಗಳಲ್ಲಿ ಒಂದನ್ನು ಹೊಸದಾಗಿ ಕೂರಿಸಬೇಕಾದರೆ ಹಡಗಿನವನಂತೆ ಕಂಬವನ್ನೇರಿ ಹೋಗೋಣವೆಂದರೆ ಸಣ್ಣ ದೋಣಿಯಲ್ಲಿ ಅದು ಸಲ್ಲದು. ಅಷ್ಟು ಎತ್ತರದಲ್ಲಿ ಮನುಷ್ಯನೊಬ್ಬನ ಭಾರ ಕುಳಿತೊಡನೆ ಕೆಳಗಿನ ಹಗುರವಾದ ಒಡಲು ಪಕ್ಕಕ್ಕೆ ವಾಲುತ್ತದೆ. ಆದುದರಿಂದ ಮನುಷ್ಯನು ಮೇಲೇರುವ ಬದಲು ಕಂಬವೇ ಕೆಳಗಿಳಿಯತಕ್ಕದ್ದು.

ಇಲ್ಲಿ ಮೊದಲು ಅರಿಯಬೇಕಾದುದೆಂದರೆ, ಹಾಯಿಕಂಬವು ತನ್ನ ಬುಡದ ಬಲದಿಂದ ನಿಂತಿರುವುದಿಲ್ಲ. ವಾಡಿ ಜಂಕ್ಷನ್ನಿನ ಹಳಿಗಳ ಪಕ್ಕದಲ್ಲಿ ವಿದ್ಯುತ್ ತಂತಿಯನ್ನು ಹೊತ್ತ ಉಕ್ಕಿನ ಕಂಬಗಳು ಕಾಂಕ್ರೀಟಿನಲ್ಲಿ ಹೂತು ನಿಂತಿವೆ. ದೋಣಿಯ ಕಂಬವಾದರೋ ಅನೇಕ ವೇಳೆ ಒಂದು ಕೀಲಿನ ಮೇಲೆ ಸುಮ್ಮನೆ ಕುಳಿತಿದ್ದು, ಮುಂದಿನಿಂದ, ಹಿಂದಿನಿಂದ, ಎರಡು ಪಕ್ಕಗಳಿಂದ ಬಿಗಿದ ಉಕ್ಕಿನ ತಂತಿಹಗ್ಗಗಳ ಪರಸ್ಪರ ಜಗ್ಗಾಟದಿಂದ ನೆಟ್ಟಗಿರುತ್ತದೆ. ಮುಂದಿನ ಹಗ್ಗವನ್ನು ಬಿಚ್ಚಿದ ಕ್ಷಣದಲ್ಲಿ ಅದು ಹಿಂದಕ್ಕೆ ಬೀಳಲು ಸ್ವತಂತ್ರ. ಪಕ್ಕದ ಹಗ್ಗಗಳ ಬುಡವು ಕೀಲಿನ ನೇರಕ್ಕಿದ್ದರೆ ಅವು ಕಂಬವು ಮಲಗುವವರೆಗೂ ಒಂದೇ ಬಿಗಿಯಲ್ಲಿದ್ದು ಅದನ್ನು ಅತ್ತಿತ್ತ ವಾಲಗೊಡುವುದಿಲ್ಲ. ಕೀಲಿನಿಂದ ಹಿಂದೆ ಸರಿದಿದ್ದರೆ ಕಂಬವು ಹಿಂದಕ್ಕೆ ಇಳಿದಂತೆಲ್ಲ ಸಡಿಲವಾಗುತ್ತ ಹೋಗುತ್ತವೆ, ಆಗ ಎಡಬಲಗಳಲ್ಲಿ ಒಬ್ಬೊಬ್ಬರು ತಾತ್ಕಾಲಿಕ ಹಗ್ಗಗಳನ್ನು ಹಿಡಿದು ನಿಲ್ಲದೆ ವಿಧಿಯಿಲ್ಲ. ಅಪಘಾತಗಳು ಬಹುಮಟ್ಟಿಗೆ ಈ ಪಕ್ಕದ ವಾಲಾಟದಿಂದಲೇ ಆಗುತ್ತವೆ. ಜನರ ಗಮನವೋ ಹಿಂದೆ ಮುಂದಿನ ಎಳೆತದ ಮೇಲೆಯೇ ಇರುತ್ತದೆ.

ಆ ಎಳೆತದ ಲೆಕ್ಕವನ್ನೂ ನೋಡೋಣ. 25 ಕಿಲೋ ತೂಕದ, 7 ಮೀಟರ್ ಉದ್ದದ ಕಂಬವು ಅಡ್ಡ ಮಲಗಿದೆಯೆನ್ನಿ; ಅದರ 6 ಮೀಟರಿನ ಬಳಿ ಕಟ್ಟಿದ ಹಗ್ಗವನ್ನು, ಬುಡದಿಂದ ಎರಡೂವರೆ ಮೀಟರ್ ಮುಂದೆ ನಿಂತವನೊಬ್ಬ ತನ್ನ ಸೊಂಟದ ಮಟ್ಟದಲ್ಲಿ ಹಿಡಿದು ಎಳೆದರೆ, ಹಗ್ಗವು ಕೀಲಿಗೆ ತೀರ ಸಮೀಪವಾಗಿ ಹಾದುಹೋಗುವುದರಿಂದ, ಕಂಬವು ಅಲುಗಬೇಕಾದರೆ ಸುಮಾರು 125 ಕಿಲೋಗಳಷ್ಟು, ಎಂದರೆ ಕಂಬದ ತೂಕದ ಐದು ಪಟ್ಟು ಬಲ ಬೇಕು. ಇದಕ್ಕೆ ಉಪಾಯವೆಂದರೆ ಕಂಬದ ಬುಡದಲ್ಲಿ 2 ಮೀಟರಿನ ಇನ್ನೊಂದು ಗಿಡ್ಡ ಕೋಲನ್ನು ನೆಟ್ಟಗೆ ಜೋಡಿಸಿ, ಹಗ್ಗವನ್ನು ಅದರ ತುದಿಯ ಮೇಲಿಂದ ದೋಣಿಯ ಮೂತಿಗೆ ಒಯ್ಯುವುದು. ಈಗ ಬೇಕಾದುದು 56 ಕಿಲೋ. ನಾಲ್ಕು ಎಳೆಯ ಗಡಗಡಿಯನ್ನು ಸೇರಿಸಿದರೆ, ಘರ್ಷಣೆಯನ್ನು ಬಿಟ್ಟು, 14 ಕಿಲೋ. ಶಹಾಬಾದಿನ ಕಲ್ಲುಗಣಿಯಲ್ಲಿ ಹಾರೆಯ ಕೆಳಗೊಂದು ತುಂಡುಗಲ್ಲನ್ನಿಟ್ಟು ದೊಡ್ಡ ಪರಸಿಯನ್ನು ಮೀಟಿ ಎಬ್ಬಿಸುವವನಿಗೆ ಈ ತತ್ತ್ವವನ್ನು ಯಾರೂ ವಿವರಿಸಬೇಕಾಗಿಲ್ಲ. ಕಂಬವು ಏಳುತ್ತ ಹೋದಂತೆ ಭಾರವು ಕಡಿಮೆಯಾಗಿ, ನೆಟ್ಟಗಾಗುವ ಹೊತ್ತಿಗೆ ಇಲ್ಲವೆಂಬಷ್ಟಾಗುತ್ತದೆ. ಇಳಿಸುವಾಗ ಇದರ ವಿಪರ್ಯಾಸ. ಮೊದಲು ಹಗುರವೆಂದು ಹಗ್ಗವನ್ನು ಧಾರಾಳವಾಗಿ ಬಿಟ್ಟವನ ಕೈಗೆ ಕೊನೆಯ ಒಂದೆರಡು ಮೀಟರಿನಲ್ಲಿ ಪೂರ್ಣ ಭಾರವು ಒಮ್ಮೆಲೇ ಬೀಳುತ್ತದೆ. ಏರಿಸುವುದಕ್ಕಿಂತ ಇಳಿಸುವುದೇ ಹೆಚ್ಚಿನ ಎಚ್ಚರದ ಕೆಲಸವೆಂದು ನನ್ನ ಅಭಿಪ್ರಾಯ.

ಕಂಬವು ಮರದ ಕುದುರೆಗಳ ಮೇಲೆ ಮಲಗಿದ ಬಳಿಕ ಸಲಕರಣೆ ಕೂರಿಸುವುದು ಸಾವಧಾನದ ಕೆಲಸ. ದೀಪದ ತಂತಿಯನ್ನು ಟೊಳ್ಳು ಕಂಬದೊಳಗಿಂದ ಸೆಳೆಯಬೇಕು, ಅದು ಒಳಗಿನ ಹಗ್ಗಗಳಿಗೆ ತೊಡರದಂತೆ ಬಿಗಿಯಬೇಕು. ಅಲ್ಯೂಮಿನಿಯಮ್ಮಿಗೆ ಸ್ಟೀಲಿನ ಸ್ಕ್ರೂ ತಾಗಿದ ಕಡೆ ಉಪ್ಪುನೀರಿನಲ್ಲಿ ಅಲ್ಯೂಮಿನಿಯಮ್ಮು ಕೊರೆದುಹೋಗುವುದರಿಂದ ನಡುವೆ ತಕ್ಕ ಲೇಪವಿರಬೇಕು. ದೀಪವನ್ನು ನೆಲದಲ್ಲಿರುವಾಗಲೇ ಉರಿಸಿ ನೋಡದವರೂ ಇದ್ದಾರೆ! ಅಂಥವರು ಇಡೀ ವಿಧಿಯನ್ನು ಇನ್ನೊಮ್ಮೆ ಆಚರಿಸುತ್ತಾರೆ.

ಎತ್ತುವ ಮುನ್ನ ತಲೆಯೆತ್ತಿ ಆಕಾಶವನ್ನು ನೋಡುವುದು ಕಡ್ಡಾಯ. ವಾಡಿಯ ಹಳಿಗಳ ಮೇಲೆ ಸುಮಾರು ಐದೂವರೆ ಮೀಟರ್ ಎತ್ತರದಲ್ಲಿ ಹರಿಯುವ ತಂತಿಯಲ್ಲಿ 25,000 ವೋಲ್ಟಿನ ವಿದ್ಯುತ್ತಿದೆಯೆಂದೂ, ರೈಲ್ವೆ ಗೇಟಿನ ಎರಡೂ ಕಡೆ ರಸ್ತೆಗೆ ಅಡ್ಡಲಾಗಿ ಎತ್ತರದ ಪಟ್ಟಿಯನ್ನು ನಿಲ್ಲಿಸಿರುವುದು ಅದಕ್ಕಾಗಿಯೇ ಎಂದೂ ಈ ಸೀಮೆಯ ಲಾರಿ ಚಾಲಕರೆಲ್ಲ ಬಲ್ಲರು. ಲೋಹದ ಕಂಬವನ್ನು ಎಬ್ಬಿಸಿಕೊಂಡು ದಡದಲ್ಲಿ ದೋಣಿಯನ್ನು ತಳ್ಳಿಕೊಂಡು ಹೋಗುವವರು ಕೆರೆಯಂಚಿನ ವಿದ್ಯುತ್ ತಂತಿಯನ್ನು ಗಮನಿಸದೆ ಪ್ರಾಣ ನೀಗಿದ ಸಂಗತಿಗಳು ಲೋಕದಲ್ಲಿ ಹಲವು.

ನಿಂತ ಕಂಬದ ಬುಡಕ್ಕೆ ಕಣ್ಣನ್ನು ತಂದು ಮೇಲಕ್ಕೆ ನಿಟ್ಟಿಸಿದರೆ ಅದರ ಬಾಗು ಕಾಣುತ್ತದೆ. ಎಡಬಲದ ಹಗ್ಗಗಳ ತಿರುಪುಗಳನ್ನು ಸಮವಾಗಿ ಬಿಗಿದು ಆ ಬಾಗನ್ನು ಕಳೆದ ಮೇಲೆ, ಅವು ತಾವಾಗಿ ಬಿಚ್ಚಿಕೊಳ್ಳದಂತೆ ಪಿನ್ನು ಹಾಕುತ್ತಾರೆ. ಹೊಸದಾಗಿ ನಿಲ್ಲಿಸಿದ ಕಂಬದೊಡನೆ ಮೊದಲ ಬಾರಿ ಗಾಳಿಗೆ ಹೊರಟಾಗ, ಗಾಳಿ ಬೀಸುವ ಕಡೆಯದಲ್ಲದ ಮತ್ತೊಂದು ಪಕ್ಕದ ಹಗ್ಗವು ಜೋಲುಬಿದ್ದು ತೂಗಾಡುವುದುಂಟು. ಹಾಗಾದರೆ ದಡಕ್ಕೆ ಬಂದು ಪಿನ್ನು ತೆಗೆದು, ಎರಡೂ ಪಕ್ಕದ ತಿರುಪುಗಳಿಗೆ ಇನ್ನೊಂದೆರಡು ಸುತ್ತು ಕೊಡುತ್ತಾರೆ.