ಕಿರಾಣಿ ಚೀಟಿ ಬರೆಯುವ ಮೊದಲು



ಬೈಕುಲ್ಲಾದಲ್ಲಿ ಸಂಸಾರ ಹೂಡಿರುವ ನಮ್ಮವರ ಮನೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: "ಊರಲ್ಲಿದ್ದಾಗ ರಾಗಿ, ಜೋಳ, ಹುರುಳಿ ತಿಂತಿದ್ವಿ. ಇಲ್ಲಿ ಅದೆಲ್ಲ ಎಲ್ಲಿ ಸಿಗುತ್ತೆ?"

ಸಿಗುತ್ತದೆ. ಬೇರೆ ಹೆಸರಿನಲ್ಲಿ ಸಿಗುತ್ತದೆ, ಅಷ್ಟೇ. ಹೆಸರು ಗೊತ್ತಿಲ್ಲದ್ದನ್ನು ಅಂಗಡಿಯಲ್ಲಿ ಕೇಳಲು ನಮಗೆ ಸಂಕೋಚ. ಬಿಸ್ಕತ್ತು, ಟೋಸ್ಟ್, ನೂಡಲ್ಸ್ ಕೊಳ್ಳಲು ಭಾಷೆಯೇ ಬೇಡ, ಬೆರಳು ತೋರಿಸಿದರೆ ಸಾಕು. ಹೀಗೆ ನಮಗೇ ತಿಳಿಯದಂತೆ ಮನೆಯ ಊಟ ಬದಲಾಗಿಬಿಡುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ ದೇಶದ ಒಟ್ಟು ರೋಗಭಾರದಲ್ಲಿ ಶೇ. 56.4ಕ್ಕೆ ತಪ್ಪು ಆಹಾರ ಪದ್ಧತಿಯೇ ಕಾರಣ. ಬಿಪಿ, ಶುಗರ್‌ನ ಔಷಧಿ ಚೀಟಿ ಬರುವ ಮೊದಲೇ ಕಿರಾಣಿ ಚೀಟಿಯನ್ನು ಸರಿಮಾಡಿಕೊಳ್ಳೋಣ.

*1. ಈ ಹೆಸರುಗಳನ್ನು ಬರೆದಿಟ್ಟುಕೊಳ್ಳಿ*

ರಾಗಿ – ನಾಚಣಿ
ಜೋಳ – ಜ್ವಾರಿ
ಸಜ್ಜೆ – ಬಾಜರಿ
ಹುರುಳಿ – ಕುಳೀಥ್
ಅಲಸಂದೆ – ಚವಳಿ
ಮಡಿಕೆ ಕಾಳು – ಮಟಕಿ
ಹೆಸರು ಕಾಳು – ಮೂಗ್
ಅವರೆ – ವಾಲ್
ಸಬ್ಬಸಿಗೆ ಸೊಪ್ಪು – ಶೇಪು
ಮೆಂತ್ಯ ಸೊಪ್ಪು – ಮೇಥಿ
ನುಗ್ಗೆಕಾಯಿ – ಶೇವಗಾ
ಸೋರೆಕಾಯಿ – ದುಧಿ

ಸೊಪ್ಪು ತರಕಾರಿಗೆ ಸ್ಟೇಷನ್ ಹತ್ತಿರದ ಭಾಜಿ ಮಾರ್ಕೆಟ್ ಇದ್ದೇ ಇದೆ. ಕಾಳು, ಹಿಟ್ಟುಗಳನ್ನು ಕಿರಾಣಿ ಅಂಗಡಿಯಲ್ಲಿ ಈ ಹೆಸರು ಹೇಳಿ ಕೇಳಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದು ತೀರಾ ಕಡಿಮೆ. ಆದರೆ ಶುಗರ್ ಇರುವವರು ನೆನಪಿಡಿ, ರಾಗಿಯೂ ಹಿಟ್ಟೇ. ಮುದ್ದೆ ಚಿಕ್ಕದಿರಲಿ, ಜೊತೆಗೆ ಸೊಪ್ಪು, ಕಾಳು ಹೆಚ್ಚಿರಲಿ.

*2. ಚೀಟಿಯಲ್ಲಿ ಕಾಳು ಎಷ್ಟಿದೆ?*

ಅದೇ ಮಾರ್ಗಸೂಚಿ ದೊಡ್ಡವರೊಬ್ಬರಿಗೆ ದಿನಕ್ಕೆ ಹೇಳುವ ಮಾದರಿ ತಟ್ಟೆಯಲ್ಲಿ 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ ಇದೆ. ಅಂದರೆ ಒಬ್ಬರಿಗೆ ತಿಂಗಳಿಗೆ ಸುಮಾರು ಎರಡೂವರೆ ಕಿಲೋ ಬೇಳೆಕಾಳು. ನಾಲ್ಕು ಜನರ ಮನೆಗೆ ನೀವು ತರುವುದು ಎಷ್ಟು, ಒಮ್ಮೆ ಲೆಕ್ಕ ಹಾಕಿ. ಮಾಂಸ, ಮೊಟ್ಟೆ ತಿನ್ನುವವರಿಗೆ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ. ಒಂದೇ ಸಲಕ್ಕೆ ಸಾಧ್ಯವಿಲ್ಲದಿದ್ದರೆ ಈ ತಿಂಗಳು ಎರಡು ಬಿಸ್ಕತ್ತು ಪ್ಯಾಕೆಟ್ ಬಿಟ್ಟು ಅರ್ಧ ಕಿಲೋ ಮಟಕಿ ಸೇರಿಸಿ.

*3. ಪ್ಯಾಕೆಟ್ ತಿರುಗಿಸಿ ನೋಡಿ*

ಮುಂಭಾಗದಲ್ಲಿ ಇರುವುದು ಜಾಹೀರಾತು, ಹಿಂಭಾಗದಲ್ಲಿ ಇರುವುದು ಲೆಕ್ಕ. ಯಾವ ಪದಾರ್ಥ ತೂಕದಲ್ಲಿ ಹೆಚ್ಚೋ ಅದನ್ನೇ ಮೊದಲು ಬರೆಯಬೇಕು ಎಂಬುದು ನಿಯಮ. "ಗೋಧಿ ಬಿಸ್ಕತ್ತು" ಎಂದು ಬರೆದಿದ್ದರೂ ಪಟ್ಟಿಯ ಮೊದಲ ಹೆಸರು ರಿಫೈನ್ಡ್ ವೀಟ್ ಫ್ಲೋರ್ ಆಗಿದ್ದರೆ ಅದು ಮೈದಾವೇ. ಗ್ಲೂಕೋಸ್ ಸಿರಪ್, ಇನ್ವರ್ಟ್ ಸಿರಪ್ ಎಂದಿದ್ದರೆ ಅದೂ ಸಕ್ಕರೆಯೇ.

ದಿನಕ್ಕೆ 2000 ಮಿಲಿಗ್ರಾಂ ಸೋಡಿಯಂ ಮಿತಿ, ಅಂದರೆ ಒಂದು ಟೀ ಚಮಚ ಉಪ್ಪು. 100 ಗ್ರಾಂ ಚಿವಡಾದಲ್ಲಿ 1000 ಮಿಲಿಗ್ರಾಂ ಎಂದು ಬರೆದಿದ್ದರೆ ದಿನದ ಅರ್ಧ ಉಪ್ಪು ಅಲ್ಲೇ ಮುಗಿಯಿತು. ಸಕ್ಕರೆಗೆ ಸುಲಭ ಲೆಕ್ಕ: 4 ಗ್ರಾಂ ಎಂದರೆ ಒಂದು ಟೀ ಚಮಚ. ಇಂಗ್ಲಿಷ್ ಓದಲು ಕಷ್ಟವಾದರೆ ಶಾಲೆಗೆ ಹೋಗುವ ಮಕ್ಕಳ ಕೈಲಿ ಓದಿಸಿ. ಅವರೂ ಕಲಿಯುತ್ತಾರೆ.

*4. "ಹೆಲ್ತ್ ಡ್ರಿಂಕ್" ಎಂಬ ಮಾತು*

ಹಾಲಿಗೆ ಬೆರೆಸುವ ಪುಡಿಗೆ ದುಡ್ಡು ಸುರಿಯುವ ಮುನ್ನ ಇದು ತಿಳಿದಿರಲಿ. ನಮ್ಮ ಆಹಾರ ಸುರಕ್ಷತಾ ಕಾನೂನಿನಲ್ಲಿ "ಹೆಲ್ತ್ ಡ್ರಿಂಕ್" ಎಂಬ ವರ್ಗವೇ ಇಲ್ಲ. ಹಾಗೆಂದು ಹೆಸರಿಟ್ಟು ಮಾರಬೇಡಿ ಎಂದು ಕೇಂದ್ರ ಸರ್ಕಾರ ಏಪ್ರಿಲ್ 2024ರಲ್ಲಿ ಆನ್‌ಲೈನ್ ಮಾರಾಟ ಕಂಪನಿಗಳಿಗೆ ಹೇಳಿತು. ಮಕ್ಕಳಿಗೆ ಬರೀ ಹಾಲು, ಒಂದು ಹಿಡಿ ಶೇಂಗಾ, ಒಂದು ಬಾಳೆಹಣ್ಣು ಕೊಡಿ. (ಶೇಂಗಾ ಅಲರ್ಜಿ ಇದ್ದರೆ ಬೇಡ, ತೀರಾ ಚಿಕ್ಕವರಿಗೆ ಇಡೀ ಕಾಳು ಬೇಡ.)

*5. ಊರಿನ ರೇಷನ್ ಕಾರ್ಡ್ ಇಲ್ಲಿಯೂ ನಡೆಯುತ್ತದೆ*

ಊರಿನ ಬಿಪಿಎಲ್ ಅಥವಾ ಅಂತ್ಯೋದಯ ಕಾರ್ಡಿಗೆ ಆಧಾರ್ ಜೋಡಣೆಯಾಗಿದ್ದರೆ "ಒಂದು ದೇಶ ಒಂದು ಪಡಿತರ ಚೀಟಿ" ಯೋಜನೆಯಲ್ಲಿ ಕೇಂದ್ರದ ಪಾಲಿನ ಧಾನ್ಯವನ್ನು ಮುಂಬಯಿಯ ರೇಷನ್ ಅಂಗಡಿಯಲ್ಲೇ ಬೆರಳಚ್ಚು ಕೊಟ್ಟು ಪಡೆಯಬಹುದು. ನಿಮ್ಮ ಪಾಲನ್ನು ನೀವು ಇಲ್ಲಿ ತೆಗೆದುಕೊಂಡು, ಉಳಿದದ್ದನ್ನು ಊರಿನಲ್ಲಿರುವ ಅಪ್ಪ ಅಮ್ಮ ಅಲ್ಲಿಯೇ ಪಡೆಯಲೂ ಅವಕಾಶವಿದೆ. ಹೀಗೆ ಉಳಿದ ಅಕ್ಕಿಯ ದುಡ್ಡು ಕಾಳು, ಸೊಪ್ಪಿಗೆ ಹೋಗಲಿ.

ಕಿಡ್ನಿ ತೊಂದರೆ ಇರುವವರು, ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬದಲಿಸುವ ಮುನ್ನ ಡಾಕ್ಟರನ್ನು ಕೇಳಿ.

ಮುಂದಿನ ಸಲ ಅಂಗಡಿಗೆ ಹೋದಾಗ ಸಂಕೋಚ ಬಿಟ್ಟು "ನಾಚಣಿ ಆಹೆ ಕಾ?" ಎಂದು ಕೇಳಿ ನೋಡಿ. ಅಂಗಡಿಯವರು ನಗುತ್ತಲೇ ತೂಗಿ ಕೊಡುತ್ತಾರೆ. ಮನೆಗೆ ತಂದ ಮೇಲೆ ಅದು ನಮ್ಮ ರಾಗಿಯೇ.

ಹೊಸದಾಗಿ ಮುಂಬಯಿಗೆ ಬಂದ ನಮ್ಮವರು ಯಾರಾದರೂ ಇದ್ದರೆ ಅವರಿಗೂ ಇದನ್ನು ಕಳಿಸಿ. 🙏