ಬಿ.ಕಾಂ. ವ್ಯಾಸಂಗ ಮತ್ತು ನಮ್ಮ ಉದ್ದಿಮೆಯ ಲೆಕ್ಕ

ವರ್ತಕರ ಹಾಗೂ ಸಣ್ಣ ಉದ್ಯಮಿಗಳ ಕುಟುಂಬಗಳಲ್ಲಿ ಪಿಯುಸಿ ಮುಗಿಸಿದ ಮಕ್ಕಳನ್ನು ಬಿ.ಕಾಂ. ಪದವಿಗೆ ಸೇರಿಸುವುದು ರೂಢಿಯಾಗಿದೆ. ಗುಮಾಸ್ತರನ್ನು ನೇಮಿಸಿಕೊಳ್ಳುವಾಗಲೂ ನಾವು ಮೊದಲು ಕೇಳುವುದು ಈ ಪದವಿಯನ್ನೇ. ಆದರೆ ಮೂರು ವರ್ಷಗಳ ಈ ವ್ಯಾಸಂಗದಿಂದ ಉದ್ದಿಮೆಗೆ ಏನು ಲಭಿಸಬೇಕೆಂದು ಯೋಚಿಸುವವರು ವಿರಳ. ತೆರಿಗೆ ರಿಟರ್ನ್ ಸಲ್ಲಿಸಲು ಬಂದರೆ ಸಾಕು ಎಂಬ ಭಾವನೆ ಹಲವರಲ್ಲಿದೆ. ಲೆಕ್ಕ ಬರೆಯುವುದು ಒಂದು ಕೆಲಸ, ಬರೆದ ಲೆಕ್ಕವನ್ನು ಓದಿ ನಿರ್ಧಾರ ಕೈಗೊಳ್ಳುವುದು ಇನ್ನೊಂದು. ಪದವಿಯ ನಿಜವಾದ ಪ್ರಯೋಜನವಿರುವುದು ಎರಡನೆಯದರಲ್ಲಿ.

ಪಠ್ಯದ ಸ್ವರೂಪ

ಭಾರತದಲ್ಲಿ ವಾಣಿಜ್ಯ ಶಿಕ್ಷಣಕ್ಕೆ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಮುಂಬೈಯ ಸಿಡೆನ್‌ಹ್ಯಾಮ್ ವಾಣಿಜ್ಯ ಕಾಲೇಜು 1913ರಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ 2021-22ರಿಂದ ನಾಲ್ಕು ವರ್ಷಗಳ ಪದವಿಯ ಅವಕಾಶ ಕಲ್ಪಿಸಲಾಗಿತ್ತಾದರೂ, 2024-25ನೇ ಸಾಲಿನಿಂದ ರಾಜ್ಯ ಸರ್ಕಾರವು ಮೂರು ವರ್ಷಗಳ ಪದವಿಗೆ ಮರಳಿದೆ.

ವಿಷಯಗಳ ಅನುಕ್ರಮ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬದಲಾಗುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಆರಂಭದಲ್ಲಿ ಜೋಡಿ ನಮೂದು ಪದ್ಧತಿ, ಕಿರ್ದಿ, ಖಾತೆ, ತಾಳೆ ಪಟ್ಟಿ, ಅಢಾವೆ ಪತ್ರಿಕೆಗಳು. ಅನಂತರ ಕಂಪನಿಗಳ ಲೆಕ್ಕ, ವಾಣಿಜ್ಯ ಕಾನೂನು, ವೆಚ್ಚ ಲೆಕ್ಕಶಾಸ್ತ್ರ. ಕೊನೆಯಲ್ಲಿ ಆದಾಯ ತೆರಿಗೆ, ಜಿಎಸ್‌ಟಿ, ಲೆಕ್ಕಪರಿಶೋಧನೆ.

ತಾಳೆ ಪಟ್ಟಿಯ ಎರಡೂ ಬದಿ ಸಮವಾದರೆ ಲೆಕ್ಕ ಸರಿಯಿದೆ ಎಂದು ಹಲವರು ನಂಬುತ್ತಾರೆ. ಯಂತ್ರದ ದುರಸ್ತಿಗೆ ತಗುಲಿದ ರೂ. 50,000ವನ್ನು ಯಂತ್ರ ಖರೀದಿಯ ಖಾತೆಗೆ ಬರೆದರೂ ತಾಳೆ ಪಟ್ಟಿ ಸಮವಾಗಿಯೇ ಇರುತ್ತದೆ; ಆದರೆ ಆ ವರ್ಷದ ಲಾಭ ಇಲ್ಲದಷ್ಟು ಹೆಚ್ಚಾಗಿ ಕಾಣುತ್ತದೆ. ಇಂತಹ ತಪ್ಪನ್ನು ಗುರುತಿಸುವುದಕ್ಕೆ ಗಣಕಯಂತ್ರವಲ್ಲ, ಲೆಕ್ಕಶಾಸ್ತ್ರದ ತಿಳಿವಳಿಕೆ ಬೇಕು.

ವೆಚ್ಚದ ಲೆಕ್ಕ: ಒಂದು ಉದಾಹರಣೆ

ಸಣ್ಣ ತಯಾರಕರಿಗೆ ಅತ್ಯಂತ ಉಪಯುಕ್ತವಾದುದು ವೆಚ್ಚ ಲೆಕ್ಕಶಾಸ್ತ್ರ. ಒಂದು ಘಟಕದಲ್ಲಿ ತಯಾರಾಗುವ ಬಿಡಿಭಾಗದ ಮಾರಾಟ ಬೆಲೆ ರೂ. 100 ಎಂದಿಟ್ಟುಕೊಳ್ಳೋಣ. ಕಚ್ಚಾವಸ್ತು, ಕೂಲಿ ಮುಂತಾದ ಬದಲಾಗುವ ವೆಚ್ಚ ನಗವೊಂದಕ್ಕೆ ರೂ. 70. ಬಾಡಿಗೆ, ಸಂಬಳ ಮೊದಲಾದ ಸ್ಥಿರ ವೆಚ್ಚ ತಿಂಗಳಿಗೆ ರೂ. 1,50,000. ಪ್ರತಿ ನಗದಿಂದ ಸ್ಥಿರ ವೆಚ್ಚದ ಕಡೆಗೆ ರೂ. 30 ಉಳಿಯುವುದರಿಂದ, 5,000 ನಗ ಮಾರಿದಾಗ ಲಾಭವೂ ಇಲ್ಲ, ನಷ್ಟವೂ ಇಲ್ಲ. 6,000 ನಗ ಮಾರಿದರೆ ರೂ. 30,000 ಲಾಭ.

ಈಗ ಹೊಸ ಗ್ರಾಹಕರೊಬ್ಬರು ರೂ. 85ರ ದರದಲ್ಲಿ 1,000 ನಗ ಕೇಳುತ್ತಾರೆ. 6,000 ನಗಗಳ ಲೆಕ್ಕದಲ್ಲಿ ಒಟ್ಟು ವೆಚ್ಚ ನಗವೊಂದಕ್ಕೆ ರೂ. 95 ಆಗುವುದರಿಂದ ಈ ಬೇಡಿಕೆ ನಷ್ಟದ್ದೆಂದು ತೋರುತ್ತದೆ. ವಾಸ್ತವವಾಗಿ ಸ್ಥಿರ ವೆಚ್ಚ ಈಗಾಗಲೇ ಭರ್ತಿಯಾಗಿದೆ. ನಗಕ್ಕೆ ರೂ. 15ರಂತೆ ಲಾಭ ರೂ. 15,000 ಹೆಚ್ಚಿ, ಒಟ್ಟು ರೂ. 45,000 ಆಗುತ್ತದೆ. ಆದರೆ ಯಂತ್ರಗಳಲ್ಲಿ ಬಿಡುವಿರಬೇಕು, ಹಳೆಯ ಗ್ರಾಹಕರೂ ಅದೇ ದರ ಕೇಳುವಂತಾಗಬಾರದು. ಎಲ್ಲ 7,000 ನಗಗಳನ್ನೂ ರೂ. 85ಕ್ಕೆ ಮಾರಬೇಕಾಗಿ ಬಂದರೆ ರೂ. 45,000 ನಷ್ಟ. ಒಂದೇ ದರ ಒಂದು ಸಂದರ್ಭದಲ್ಲಿ ಲಾಭ, ಇನ್ನೊಂದರಲ್ಲಿ ನಷ್ಟ. ಇದನ್ನು ಲೆಕ್ಕ ಹಾಕಿ ತೋರಿಸಬಲ್ಲವರು ಮನೆಯಲ್ಲೇ ಇದ್ದರೆ ಅದು ಬಂಡವಾಳಕ್ಕೆ ಸಮ.

ಕಾಲೇಜಿನಲ್ಲಿ ದೊರೆಯದ ಪಾಠ

ಪರೀಕ್ಷೆಯ ಲೆಕ್ಕದಲ್ಲಿ ಅಂಕಿ-ಅಂಶಗಳನ್ನೆಲ್ಲ ಮೊದಲೇ ಕೊಟ್ಟಿರುತ್ತಾರೆ. ವ್ಯವಹಾರದಲ್ಲಿ ಅವನ್ನು ಬಿಲ್ಲುಗಳ ಕಂತೆಯಿಂದ ಹುಡುಕಿ ತೆಗೆಯಬೇಕು. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರು 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1, 20ರೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕು. 2022ರ ಜನವರಿಯಿಂದ, ಮಾಲು ಕೊಟ್ಟವರು ತೋರಿಸಿದ ಬಿಲ್ಲು ನಮ್ಮ 2ಬಿ ಪಟ್ಟಿಯಲ್ಲಿ ಕಂಡರೆ ಮಾತ್ರ ಹೂಡುವಳಿ ತೆರಿಗೆಯ ಜಮಾ ದೊರೆಯುತ್ತದೆ. ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲವಾದರೆ 15 ದಿನಗಳಲ್ಲಿ ಹಣ ಪಾವತಿಸಬೇಕೆಂಬುದು 2006ರ ಕಾಯ್ದೆಯ ನಿಯಮ. ಅವಧಿ ಮೀರಿದ ಬಾಕಿಯನ್ನು ಪಾವತಿಸಿದ ವರ್ಷದಲ್ಲಷ್ಟೇ ಖರ್ಚಾಗಿ ತೋರಿಸಬಹುದೆಂಬ ಆದಾಯ ತೆರಿಗೆ ನಿಯಮ 2023-24ರಿಂದ ಸೇರಿಕೊಂಡಿದೆ.

ಆದುದರಿಂದ ವಿದ್ಯಾರ್ಥಿಗೆ ನಮ್ಮ ಪುಸ್ತಕಗಳನ್ನೇ ಪಾಠವಾಗಿಸುವುದು ಒಳಿತು:

1. ಮೊದಲ ವರ್ಷ ದಿನವಹಿ ನಗದು ಲೆಕ್ಕ ಮತ್ತು ಬ್ಯಾಂಕ್ ತಾಳೆ.
2. ಎರಡನೆಯ ವರ್ಷ ದಾಸ್ತಾನು, ಉದರಿ ಪಟ್ಟಿ ಮತ್ತು ಮುಖ್ಯ ಉತ್ಪನ್ನಗಳ ವೆಚ್ಚ ಪಟ್ಟಿ.
3. ಮೂರನೆಯ ವರ್ಷ 2ಬಿ ಪಟ್ಟಿಯನ್ನು ಖರೀದಿ ಪುಸ್ತಕದೊಡನೆ ಹೋಲಿಸುವುದು, ಲೆಕ್ಕಪರಿಶೋಧಕರ ಪ್ರಶ್ನೆಗಳಿಗೆ ಉತ್ತರ ಸಿದ್ಧಪಡಿಸುವುದು.

ಮುಂದಿನ ದಾರಿ

ಕೆಲಸ ಬಿಡಲಾಗದ ಗುಮಾಸ್ತರಿಗೆ, 1996ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ದೂರಶಿಕ್ಷಣವಿದೆ. ಯಾವುದೇ ದೂರಶಿಕ್ಷಣಕ್ಕೆ ಸೇರುವ ಮುನ್ನ ಆ ಸಾಲಿಗೆ ಯುಜಿಸಿ ಮಾನ್ಯತೆ ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ಶೇ. 55 ಅಂಕ ಗಳಿಸಿದ ವಾಣಿಜ್ಯ ಪದವೀಧರರು ಸಿ.ಎ. ಫೌಂಡೇಶನ್ ಪರೀಕ್ಷೆಯಿಲ್ಲದೆ ನೇರವಾಗಿ ಇಂಟರ್‌ಮೀಡಿಯೇಟ್ ಹಂತಕ್ಕೆ ಸೇರಬಹುದು. 2023ರ ಹೊಸ ಯೋಜನೆಯಲ್ಲಿ ಪ್ರಾಯೋಗಿಕ ತರಬೇತಿ ಎರಡು ವರ್ಷಗಳಿಗೆ ಇಳಿದಿದೆ. ಕೇವಲ ಬಿ.ಕಾಂ. ಆಧಾರದ ಮೇಲೆ ತೆರಿಗೆ ಲೆಕ್ಕಪರಿಶೋಧನಾ ವರದಿಗೆ ಸಹಿ ಮಾಡುವ ಅಧಿಕಾರವಿಲ್ಲವೆಂಬುದನ್ನೂ ನೆನಪಿಡಬೇಕು.

ಸದಸ್ಯ ಬಾಂಧವರು ಪದವಿ ಪ್ರಮಾಣಪತ್ರ ಕೈಸೇರುವವರೆಗೆ ಕಾಯಬೇಕಾಗಿಲ್ಲ. ಓದುತ್ತಿರುವ ಮಗನಿಗೋ, ಮಗಳಿಗೋ, ಗುಮಾಸ್ತನಿಗೋ ಕಳೆದ ವರ್ಷದ ಅಢಾವೆ ಪತ್ರಿಕೆಯನ್ನು ಕೊಟ್ಟು, ಲಾಭವೆಂದು ತೋರಿಸಿದ ಹಣ ಈಗ ಎಲ್ಲಿದೆ ಎಂದು ಕೇಳಬೇಕು. ಅದು ದಾಸ್ತಾನಿನಲ್ಲಿದೆಯೋ, ಉದರಿಯಲ್ಲಿದೆಯೋ, ಯಂತ್ರದಲ್ಲಿದೆಯೋ ಎಂದು ವಿವರಿಸಬಲ್ಲವರಾದರೆ, ಅವರ ಶಿಕ್ಷಣಕ್ಕೆ ತೊಡಗಿಸಿದ ಹಣ ಸಾರ್ಥಕವಾದಂತೆ.